ಬರ್ಕ್: ಗುರುತು ಉಳಿಸದೆ ಅದುಮುವ ಕ್ರಿಯಾಪದ

ಪೊಲೀಸ್ ಸುಧಾರಣೆಯ ಕುರಿತ ಇಂಗ್ಲಿಷ್ ಬರಹಗಳಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ, ಅಪರಾಧದ ದೂರನ್ನು ದಾಖಲಿಸದೆ ಅದುಮಿಬಿಡುವುದು ಎಂಬ ಅರ್ಥದಲ್ಲಿ, ‘ಬರ್ಕಿಂಗ್ ಆಫ್ ಕ್ರೈಮ್’ ಎಂಬ ಪದಗುಚ್ಛ ಆಗಾಗ ಎದುರಾಗುತ್ತದೆ. ಮೊದಲ ಸಲ ಓದಿದವರಿಗೆ ಇದು ಅಚ್ಚಿನ ದೋಷವೆಂದು ತೋರಬಹುದು; ಆದರೆ ಕಾಗುಣಿತ ಸರಿಯಾಗಿಯೇ ಇದೆ. ಬಿ, ಯು, ಆರ್, ಕೆ, ಇ ಎಂಬ ಐದು ಅಕ್ಷರಗಳ ಈ ಕ್ರಿಯಾಪದದಲ್ಲಿ ಕೊನೆಯ ಇ ಉಚ್ಚಾರಣೆಗೆ ಬರುವುದಿಲ್ಲ, ‘ಇಂಗ್’ ಸೇರಿದಾಗ ಬರವಣಿಗೆಯಿಂದಲೂ ಬಿದ್ದುಹೋಗುತ್ತದೆ. ಒಬ್ಬ ಮನುಷ್ಯನ ಹೆಸರಿನಿಂದ ಹುಟ್ಟಿದ್ದರೂ ಈಗ ಇದನ್ನು ಸಾಮಾನ್ಯವಾಗಿ ಚಿಕ್ಕ ಅಕ್ಷರದಿಂದಲೇ ಆರಂಭಿಸಿ ಬರೆಯುತ್ತಾರೆ.

ಆ ಮನುಷ್ಯ ವಾರನ್ ಹೇಸ್ಟಿಂಗ್ಸನ ವಿರುದ್ಧ ಬ್ರಿಟಿಷ್ ಸಂಸತ್ತಿನಲ್ಲಿ ವಾದಿಸಿದ ಎಡ್ಮಂಡ್ ಬರ್ಕ್ ಅಲ್ಲ. ನಮ್ಮ ಇತಿಹಾಸದ ಪಠ್ಯಗಳಿಂದಾಗಿ ಮೊದಲು ನೆನಪಿಗೆ ಬರುವ ಹೆಸರು ಅದೇ ಆದ್ದರಿಂದ ಇದನ್ನು ಸ್ಪಷ್ಟಪಡಿಸಬೇಕಾಗಿದೆ. ಎಡ್ಮಂಡ್ ಬರ್ಕ್ 1797ರಲ್ಲಿಯೇ ತೀರಿಕೊಂಡಿದ್ದ. ಈ ಕ್ರಿಯಾಪದ ಮುದ್ರಣದಲ್ಲಿ ಕಾಣಿಸಿಕೊಂಡದ್ದು 1829ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಗಲ್ಲಿಗೇರಿದ ವಿಲಿಯಂ ಬರ್ಕ್ ಎಂಬ ಕೊಲೆಗಾರನ ಹೆಸರಿನಿಂದ.

ಆಗ ಎಡಿನ್‌ಬರೋ ವೈದ್ಯಶಿಕ್ಷಣಕ್ಕೆ ಯುರೋಪಿನಲ್ಲಿಯೇ ಹೆಸರಾದ ನಗರವಾಗಿತ್ತು. ಅಂಗರಚನಾಶಾಸ್ತ್ರವನ್ನು ಶವಚ್ಛೇದನವಿಲ್ಲದೆ ಕಲಿಸಲಾಗದು. ಆದರೆ ಕಾನೂನಿನ ದಾರಿಯಲ್ಲಿ ದೊರೆಯುತ್ತಿದ್ದುದು ಮುಖ್ಯವಾಗಿ ಗಲ್ಲಿಗೇರಿದ ಕೊಲೆಗಾರರ ದೇಹಗಳು, ಅವುಗಳ ಸಂಖ್ಯೆಯೋ ತೀರ ಕಡಿಮೆ. ಹೀಗಾಗಿ ಹೊಸ ಗೋರಿಗಳನ್ನು ಅಗೆದು ಹೆಣ ಕದ್ದು ಮಾರುವ ಕಸುಬೇ ಬೆಳೆದಿತ್ತು. ಕೊಳ್ಳುವವರು ಪ್ರಶ್ನೆ ಕೇಳುತ್ತಿರಲಿಲ್ಲ.

1827ರ ನವೆಂಬರ್‌ನಲ್ಲಿ ವೆಸ್ಟ್ ಪೋರ್ಟ್ ಪ್ರದೇಶದ ವಿಲಿಯಂ ಹೇರ್ ಎಂಬಾತನ ಬಾಡಿಗೆ ಮನೆಯಲ್ಲಿ ಒಬ್ಬ ಮುದುಕ ನಾಲ್ಕು ಪೌಂಡ್ ಬಾಕಿ ಉಳಿಸಿಕೊಂಡು ಕಾಯಿಲೆಯಿಂದ ಸತ್ತ. ಐರ್ಲೆಂಡಿನಿಂದ ಕೂಲಿಗೆ ಬಂದವರಾದ ಹೇರ್ ಮತ್ತು ಬರ್ಕ್ ಶವಪೆಟ್ಟಿಗೆಯಲ್ಲಿ ಮರದ ತೊಗಟೆಯನ್ನು ತುಂಬಿಟ್ಟು, ಹೆಣವನ್ನು ಡಾಕ್ಟರ್ ರಾಬರ್ಟ್ ನಾಕ್ಸ್ ನಡೆಸುತ್ತಿದ್ದ ಅಂಗರಚನಾಶಾಸ್ತ್ರ ಶಾಲೆಗೆ ಏಳು ಪೌಂಡ್ ಹತ್ತು ಶಿಲಿಂಗಿಗೆ ಮಾರಿದರು. ಇನ್ನೊಬ್ಬರು ಸಾಯುವವರೆಗೆ ಕಾಯುವುದು ಏಕೆಂಬ ಯೋಚನೆ ಅವರಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಮುಂದಿನ ಸುಮಾರು ಒಂದು ವರ್ಷದಲ್ಲಿ ಅವರು 16 ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಬಡವರು, ಕಾಣೆಯಾದರೂ ಹುಡುಕಿಕೊಂಡು ಬರುವವರಿಲ್ಲದವರು. ನಿಘಂಟಿನಲ್ಲಿ ಕೊಲೆಗಾರನ ಹೆಸರು ಉಳಿದಿರುವುದರಿಂದ ಅವರಲ್ಲಿ ಕೆಲವರ ಹೆಸರನ್ನಾದರೂ ಇಲ್ಲಿ ಹೇಳಬೇಕೆನಿಸುತ್ತದೆ: ಮೇರಿ ಪ್ಯಾಟರ್‌ಸನ್, ನಗರದ ಬೀದಿಗಳಲ್ಲಿ ಎಲ್ಲರಿಗೂ ಪರಿಚಿತನಾಗಿದ್ದ ತರುಣ ಜೇಮ್ಸ್ ವಿಲ್ಸನ್, ಕೊನೆಯವಳಾದ ಮಾರ್ಗರೆಟ್ ಡಾಕರ್ಟಿ.

ಕೊಲ್ಲುತ್ತಿದ್ದ ವಿಧಾನವೇ ಈ ಪದದ ಅರ್ಥದ ತಿರುಳು. ಬಂದವರಿಗೆ ಮದ್ಯ ಕುಡಿಸಿ, ಅವರು ಮೈಮರೆತಾಗ ಒಬ್ಬನು ಎದೆಯ ಮೇಲೆ ಭಾರ ಹಾಕಿ ಅದುಮಿ ಹಿಡಿಯುತ್ತಿದ್ದ, ಬಾಯಿ ಮೂಗುಗಳನ್ನು ಕೈಯಿಂದ ಮುಚ್ಚಲಾಗುತ್ತಿತ್ತು. ಚಾಕುವಿನ ಗಾಯವಿಲ್ಲ, ಕುತ್ತಿಗೆಯಲ್ಲಿ ಹಗ್ಗದ ಗುರುತಿಲ್ಲ. ದೇಹ ಕೆಡದೆ ಇದ್ದರೆ ಬೆಲೆಯೂ ಹೆಚ್ಚು, ಸಂಶಯವೂ ಕಡಿಮೆ. 1828ರ ನವೆಂಬರ್ ಆರಂಭದಲ್ಲಿ ಡಾಕರ್ಟಿಯ ಶವವನ್ನು ಬರ್ಕ್‌ನ ಮನೆಯಲ್ಲಿ ತಂಗಿದ್ದ ದಂಪತಿ ಹುಲ್ಲಿನಡಿ ಕಂಡು ಪೊಲೀಸರಿಗೆ ತಿಳಿಸಿದ ಬಳಿಕವೂ, ಅದು ಕೊಲೆಯೇ ಎಂದು ಖಚಿತವಾಗಿ ಹೇಳಲು ಪರೀಕ್ಷಿಸಿದ ವೈದ್ಯರಿಂದ ಆಗಲಿಲ್ಲ. ಸಾಕ್ಷ್ಯ ಅಷ್ಟು ದುರ್ಬಲವಾಗಿದ್ದುದರಿಂದಲೇ ಸರ್ಕಾರಿ ಪಕ್ಷವು ಹೇರ್‌ನನ್ನು ಮಾಫಿಸಾಕ್ಷಿಯನ್ನಾಗಿ ಮಾಡಿಕೊಂಡು ಬರ್ಕ್‌ನ ಮೇಲೆ ವಿಚಾರಣೆ ನಡೆಸಬೇಕಾಯಿತು. ಹೇರ್ ಬಿಡುಗಡೆಯಾದ. ಡಾಕ್ಟರ್ ನಾಕ್ಸ್ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ.

1829ರ ಜನವರಿ 28ರಂದು ಸಾವಿರಾರು ಜನರೆದುರು ಬರ್ಕ್‌ನನ್ನು ಗಲ್ಲಿಗೇರಿಸಿದಾಗ ಗುಂಪಿನಿಂದ ಎದ್ದ ಕೂಗು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಕೆಲವೇ ದಿನಗಳಲ್ಲಿ ಅಚ್ಚಾಯಿತು: ಅವನನ್ನು ‘ಬರ್ಕ್’ ಮಾಡಿ, ಹಗ್ಗ ಕೊಡಬೇಡಿ. ಅವನು ಇತರರನ್ನು ಕೊಂದ ಹಾಗೆಯೇ ಅವನನ್ನೂ ಕೊಲ್ಲಿ ಎಂಬ ಆಕ್ರೋಶ ಅದು. ಆ ಮನುಷ್ಯ ಇನ್ನೂ ಜೀವದಿಂದಿರುವಾಗಲೇ ಅವನ ಹೆಸರು ಜನರ ಬಾಯಲ್ಲಿ ಕ್ರಿಯಾಪದವಾಗಿತ್ತು. ಇಷ್ಟು ಬೇಗ, ಇಷ್ಟು ಕೋಪದಿಂದ ಹುಟ್ಟಿದ ಪದಗಳು ಅಪರೂಪ. ತೀರ್ಪಿನಂತೆ ಅವನ ದೇಹವನ್ನೂ ಶವಚ್ಛೇದನಕ್ಕೆ ಒಪ್ಪಿಸಲಾಯಿತು, ಅಸ್ಥಿಪಂಜರ ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. 1831ರಲ್ಲಿ ಲಂಡನ್ನಿನಲ್ಲಿಯೂ ಹೆಣ ಮಾರುವುದಕ್ಕಾಗಿ ಕೊಲೆ ಮಾಡಿದವರು ಸಿಕ್ಕಿಬಿದ್ದಾಗ ಪತ್ರಿಕೆಗಳಿಗೆ ಹೊಸ ಪದ ಹುಡುಕುವ ಅಗತ್ಯವಿರಲಿಲ್ಲ. ಮರುವರ್ಷ ಬ್ರಿಟಿಷ್ ಸಂಸತ್ತು ಅಂಗರಚನಾಶಾಸ್ತ್ರ ಕಾಯ್ದೆಯನ್ನು ಅಂಗೀಕರಿಸಿ, ವಾರಸುದಾರರಿಲ್ಲದ ಶವಗಳನ್ನು ವೈದ್ಯಶಾಲೆಗಳಿಗೆ ಕೊಡಲು ದಾರಿ ಮಾಡಿತು.

ಕೊಲೆಯ ಅರ್ಥ ಇಂದು ನ್ಯಾಯವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಉಳಿದುಕೊಂಡಿದೆ. ನಮ್ಮ ವೈದ್ಯವಿದ್ಯಾರ್ಥಿಗಳು ಉಸಿರುಕಟ್ಟಿ ಸಂಭವಿಸುವ ಸಾವುಗಳ ಪಾಠದಲ್ಲಿ ‘ಬರ್ಕಿಂಗ್’ ಎಂಬುದನ್ನು ಓದುತ್ತಾರೆ. ಹೊರಗೆ ಬಳಕೆಯಲ್ಲಿರುವುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬೆಳೆದ ಎರಡನೆಯ ಅರ್ಥ: ಒಂದು ಪ್ರಶ್ನೆಯನ್ನು, ಚರ್ಚೆಯನ್ನು, ದೂರನ್ನು ಸದ್ದಿಲ್ಲದೆ ಅದುಮಿಬಿಡುವುದು. ಇದನ್ನು ‘ಮುಚ್ಚಿಹಾಕು’ ಎಂದು ಕನ್ನಡಿಸುವುದು ವಾಡಿಕೆ. ಅದು ತಪ್ಪಲ್ಲವಾದರೂ ಸಾಲದು ಎಂಬುದು ನನ್ನ ಅಭಿಪ್ರಾಯ. ಮುಚ್ಚಿಹಾಕಿದ ಪ್ರಕರಣಕ್ಕೆ ಒಂದು ಕಡತವಾದರೂ ಇರುತ್ತದೆ, ಯಾರಾದರೂ ಮುಂದೊಂದು ದಿನ ಅದನ್ನು ಮತ್ತೆ ತೆರೆಯಬಹುದು. ‘ಬರ್ಕ್’ ಆದದ್ದಕ್ಕೆ ತೆರೆಯಲು ಏನೂ ಉಳಿದಿರುವುದಿಲ್ಲ.

ಭಾರತದ ಪೊಲೀಸ್ ವ್ಯವಹಾರದಲ್ಲಿ ಈ ಪದ ನೆಲೆಯೂರಿರುವುದು ಇದೇ ಕಾರಣಕ್ಕಾಗಿ ಇರಬೇಕು. ಠಾಣೆಗೆ ಬಂದವರ ದೂರನ್ನು ಕೇಳಿಸಿಕೊಂಡು, ಎಫ್‌ಐಆರ್ ದಾಖಲಿಸದೆ, ರಾಜಿ ಮಾಡಿಕೊಳ್ಳಿ ಎಂದೋ ನಾಳೆ ಬನ್ನಿ ಎಂದೋ ವಾಪಸು ಕಳುಹಿಸಿದರೆ, ಅಂಕಿಅಂಶಗಳ ಲೆಕ್ಕದಲ್ಲಿ ಆ ಅಪರಾಧ ನಡೆದೇ ಇಲ್ಲ. ಠಾಣೆಯ ವ್ಯಾಪ್ತಿಯಲ್ಲಿ ಅಪರಾಧ ಕಡಿಮೆಯಾಗಿದೆ ಎಂದು ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಆದ್ದರಿಂದಲೇ ಇದು ಇಷ್ಟು ಅಪಾಯಕಾರಿ. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಅಪರಾಧಗಳ ‘ಬರ್ಕಿಂಗ್’ ಕಾನೂನಿನ ಆಳ್ವಿಕೆಯನ್ನು ದುರ್ಬಲಗೊಳಿಸುತ್ತದೆ ಎಂದು ಇದೇ ಪದವನ್ನು ಬಳಸಿಯೇ ಹೇಳಿತು. ದೂರಿನಲ್ಲಿ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧ, ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದೂ, ಕೆಲವು ಬಗೆಯ ಪ್ರಕರಣಗಳಲ್ಲಿ ಮಾತ್ರ ಪ್ರಾಥಮಿಕ ವಿಚಾರಣೆಗೆ ಅವಕಾಶವೆಂದೂ ಆ ತೀರ್ಪು ಗೊತ್ತುಮಾಡಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ, ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಈಗ ಈ ವಿಷಯವನ್ನು ನಿಯಂತ್ರಿಸುತ್ತದೆ. ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿಯನ್ನು ಬೇರೆ ಠಾಣೆಯಲ್ಲಿಯೂ ಕೊಡಬಹುದು. ದಾಖಲಾದ ಮಾಹಿತಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಇದೆ. ಠಾಣೆಯಲ್ಲಿ ದಾಖಲಿಸಲು ನಿರಾಕರಿಸಿದರೆ ದೂರಿನ ಸಾರಾಂಶವನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಕಳುಹಿಸಬಹುದು, ಅಲ್ಲಿಯೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.