ಮೂರನೆಯ ದಿನ

ಸಿಗರೇಟು ಬಿಡಲು ನಾನು ಮೊದಲು ಮಾಡಿದ ಎರಡು ಪ್ರಯತ್ನಗಳೂ ಮೂರನೆಯ ದಿನವೇ ಮುರಿದುಬಿದ್ದಿದ್ದವು. ಎರಡು ಸಲವೂ ಅದನ್ನು ಮನಸ್ಸಿನ ದೌರ್ಬಲ್ಯವೆಂದೇ ತಿಳಿದು, ಹದಿನಾರು ವರ್ಷಗಳ ಚಟ ನನ್ನಿಂದ ಬಿಡಲಾಗದ್ದೆಂದು ಕೈಚೆಲ್ಲಿದ್ದೆ. ಮತ್ತೊಮ್ಮೆ ಬಿಡಬೇಕೆಂದು ನಿಶ್ಚಯಿಸಿದಾಗ ವೈದ್ಯರ ಬಳಿಗೆ ಹೋದೆ. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂದು ಅವರು ಕೇಳಿದರು. ಹತ್ತು ನಿಮಿಷದೊಳಗೆ ಎಂದೆ. ಎದ್ದ ಅರ್ಧ ಗಂಟೆಯೊಳಗೇ ಸೇದುವವರ ದೇಹ ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್‌ಗೆ ಹೆಚ್ಚು ಒಗ್ಗಿರುತ್ತದೆಂದು ಹೇಳಿ, 4 ಮಿಲಿಗ್ರಾಂನ ನಿಕೋಟಿನ್ ಗಮ್ ಬರೆದುಕೊಟ್ಟರು. ಜೊತೆಗೆ ಸೂಚನೆಗಳ ಒಂದು ಹಾಳೆಯನ್ನೂ ಕೊಟ್ಟರು. ಸಿಗರೇಟು ಬಿಟ್ಟಾಗಿನ ಬಾಧೆ ಎರಡನೆಯ ಅಥವಾ ಮೂರನೆಯ ದಿನ ಅತಿ ಹೆಚ್ಚಾಗಿರುತ್ತದೆ, ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತಾ ಹೋಗುತ್ತದೆ, ಗಮ್ ಅದನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ ಎಂದೂ ಎಚ್ಚರಿಸಿದರು. ನಾನು ಎರಡು ಬಾರಿ ಸೋತದ್ದು ಅತ್ಯಂತ ಕಠಿಣವಾದ ದಿನದಂದೇ ಎಂಬುದು ನನಗೆ ಆಗ ತಿಳಿಯಿತು.

ಬಿಡುವ ದಿನದ ಹಿಂದಿನ ರಾತ್ರಿಯೇ ಲೈಟರುಗಳನ್ನೂ ಬೂದಿಬಟ್ಟಲನ್ನೂ ಮನೆಯಿಂದ ಹೊರಹಾಕಿ, ಹೊಗೆಯ ವಾಸನೆ ಹಿಡಿದ ಬಟ್ಟೆಗಳನ್ನೆಲ್ಲ ಒಗೆದಿದ್ದೆ. ಮೊದಲೆರಡು ದಿನಗಳು ಹೇಗೋ ಕಳೆದವು. ಮೂರನೆಯ ದಿನ ಬೆಳಗ್ಗೆ ಎದ್ದಾಗಲೇ ತಲೆ ಭಾರವಾಗಿತ್ತು, ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಮಾತನಾಡಿಸಿದವರ ಮೇಲೆಲ್ಲ ರೇಗುತ್ತಿದ್ದೆ. ಗಮ್ಮನ್ನು ಮಾಮೂಲಿ ಚೂಯಿಂಗ್ ಗಮ್ಮಿನಂತೆ ಎಡೆಬಿಡದೆ ಅಗಿದದ್ದರಿಂದ ಬಿಕ್ಕಳಿಕೆ ಬಂದು ಗಂಟಲು ಉರಿಯಿತು. ಮಧ್ಯಾಹ್ನದ ಹೊತ್ತಿಗೆ ಎದೆ ಡವಗುಟ್ಟತೊಡಗಿ ಕೈ ನಡುಗಿದಾಗ, ಒಂದೇ ಒಂದು ಸಿಗರೇಟು ಸೇದಿದರೆ ಇದೆಲ್ಲ ನಿಲ್ಲುತ್ತದಲ್ಲವೇ ಎಂಬ ಯೋಚನೆ ಬಂದು ಚಪ್ಪಲಿ ಮೆಟ್ಟಿದ್ದೆ.

ಬಾಗಿಲ ಬಳಿ ನಿಂತು ಅಂಗಿಯ ಜೇಬಿಗೆ ಕೈಹಾಕಿದಾಗ ಆ ಹಾಳೆ ಸಿಕ್ಕಿತು. ಅದುವರೆಗೆ ನಾನದನ್ನು ಬಿಚ್ಚಿಯೂ ನೋಡಿರಲಿಲ್ಲ. ಗಮ್ಮನ್ನು ನಿಧಾನವಾಗಿ ಅಗಿದು, ಬಾಯಲ್ಲಿ ಖಾರ ಅಥವಾ ಚುರುಗುಟ್ಟುವಿಕೆ ಕಾಣಿಸಿದೊಡನೆ ಕೆನ್ನೆಯ ಒಳಬದಿಗೆ ಒತ್ತಿ ಇಟ್ಟುಕೊಂಡು, ಅದು ಕಡಿಮೆಯಾದ ಮೇಲೆ ಮತ್ತೆ ಅಗಿಯಬೇಕು, ಹೀಗೆ ಸುಮಾರು ಅರ್ಧ ಗಂಟೆ ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಗಮ್ಮಿನ ನಿಕೋಟಿನ್ ಹೀರಿಕೊಳ್ಳುವುದು ಬಾಯಿಯ ಒಳಪೊರೆ. ಉಗುಳಿನೊಂದಿಗೆ ನುಂಗಿದರೆ ಹೊಟ್ಟೆ ಕೆಡುವುದಲ್ಲದೆ ಪ್ರಯೋಜನವಿಲ್ಲ. ಕಾಫಿ ಅಥವಾ ಹಣ್ಣಿನ ರಸ ಕುಡಿದ ಹದಿನೈದು ನಿಮಿಷದೊಳಗೆ ಅಗಿದರೂ ಅದು ಸರಿಯಾಗಿ ಒಳಸೇರುವುದಿಲ್ಲ.

ಕೆಳಗೆ ಇನ್ನೊಂದು ಸಾಲಿತ್ತು, ಅದನ್ನೋದಿ ನಾನು ಅಲ್ಲೇ ಕುಳಿತುಬಿಟ್ಟೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತು ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಹೊಗೆ ನಿಂತ ಮೇಲೆ ಅದೇ ಪ್ರಮಾಣದ ಕಾಫಿಯಿಂದ ರಕ್ತದಲ್ಲಿ ಕೆಫೀನಿನ ಮಟ್ಟ ಏರುತ್ತದೆ, ಆದ್ದರಿಂದ ಕಾಫಿಯನ್ನು ಅರ್ಧಕ್ಕಿಳಿಸಿ ಎಂದಿತ್ತು. ಸಿಗರೇಟಿನ ಜಾಗ ತುಂಬಲೆಂದು ನಾನು ಆ ದಿನ ಮಧ್ಯಾಹ್ನದೊಳಗೆ ಆರು ಲೋಟ ಕಾಫಿ ಕುಡಿದಿದ್ದೆ. ಎದೆಬಡಿತಕ್ಕೂ ನಡುಕಕ್ಕೂ ಒಂದು ಪಾಲಿನ ಕಾರಣ ನನ್ನ ಕೈಯಲ್ಲೇ ಇತ್ತು. ಇಂಥ ಮಾತನ್ನು ಸಿಗರೇಟು ಬಿಡುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಬೇಕೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದೆ. ಸೇದಬೇಕೆಂಬ ತುಡಿತ ಅಲೆಯಂತೆ ಏರಿ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷಗಳಲ್ಲಿ ಇಳಿಯುತ್ತದೆಂದು ಹಾಳೆಯಲ್ಲಿದ್ದುದನ್ನು ಮಗಳಿಗೆ ಹೇಳಿ, ಗಡಿಯಾರ ನೋಡಲು ಅವಳನ್ನೇ ಕೂರಿಸಿದೆ. ನಾನು ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾ, ಉಸಿರನ್ನು ಆಳವಾಗಿ ಎಳೆದು ನಿಧಾನವಾಗಿ ಬಿಡುತ್ತಾ ಕೋಣೆಯಲ್ಲಿ ನಡೆದಾಡಿದೆ. "ಅಪ್ಪಾ, ಐದು ನಿಮಿಷ ಆಯ್ತು, ಇನ್ನೂ ಬೇಕು ಅನ್ಸುತ್ತಾ?" ಎಂದು ಅವಳು ಕೇಳಿದಾಗ, ಬೇಕು ಎನ್ನಿಸುತ್ತಿತ್ತು, ಆದರೆ ಹೊರಗೆ ಓಡಬೇಕೆಂಬಷ್ಟು ಅಲ್ಲ. ಬೆಳಗ್ಗೆ ಅವಳ ಮೇಲೆ ರೇಗಿದ್ದಕ್ಕೆ ಆಗ ಕ್ಷಮೆ ಕೇಳಿದೆ.

ಅಂದಿನಿಂದ ಪ್ರತಿ ತುಡಿತಕ್ಕೂ ಪುಸ್ತಕವೊಂದರಲ್ಲಿ ಒಂದು ಗೆರೆ ಎಳೆಯತೊಡಗಿದೆ. ಆ ಸಂಜೆಯೊಳಗೆ ಹದಿನಾಲ್ಕು ಗೆರೆಗಳಾಗಿದ್ದವು, ಮೂರನೆಯ ವಾರದ ಕೊನೆಗೆ ದಿನಕ್ಕೆ ಮೂರು ನಾಲ್ಕಕ್ಕೆ ಇಳಿದಿದ್ದವು. ನಿದ್ದೆ ಕೆಡುವುದು, ಮಲಬದ್ಧತೆ, ಅತಿಯಾದ ಹಸಿವು ಇವೆಲ್ಲ ಬಂದವು, ಹೋದವು. ಆರನೆಯ ವಾರ ಗೆಳೆಯರ ನಡುವೆ ಒಂದು ಸಿಗರೇಟು ಸೇದಿದೆ. ಹಿಂದಿನಂತೆ ಎಲ್ಲ ಮುಗಿಯಿತೆಂದು ಪ್ಯಾಕೆಟ್ ಕೊಳ್ಳುವ ಬದಲು ಮನೆಗೆ ಬಂದು ಪುಸ್ತಕದಲ್ಲಿ ಆ ದಿನದ ಗೆರೆಗೆ ಸುತ್ತು ಹಾಕಿ, ಯಾರೊಡನೆ, ಎಷ್ಟು ಹೊತ್ತಿಗೆ ಎಂದು ಪಕ್ಕದಲ್ಲಿ ಬರೆದಿಟ್ಟೆ. ಮರುದಿನದ ಪುಟದಲ್ಲಿ ಐದು ಗೆರೆಗಳಿವೆ, ಯಾವುದಕ್ಕೂ ಸುತ್ತಿಲ್ಲ.