ಈಟನ್ ಚೌಕದಲ್ಲಿ ತಂಗಿಯೊಂದಿಗೆ

ಹಿಂದಿನ ರಾತ್ರಿ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ಚಿತ್ರ ಮುಗಿಯುವ ಮೊದಲೇ ಟಿವಿ ಆರಿಸಲು ನಾನು ಎದ್ದಿದ್ದೆ. ಅದರ ನಾಯಕಿ ಬ್ಲಾಂಚ್‌ಳನ್ನು ಮಾನಸಿಕ ಆಸ್ಪತ್ರೆಗೆ ಕರೆದೊಯ್ಯಲು ಜನ ಬರುತ್ತಾರೆಂಬುದು ನನಗೆ ಗೊತ್ತಿತ್ತು. ಪಕ್ಕದಲ್ಲಿ ತಂಗಿ ಕುಳಿತಿದ್ದಳು. ಹನ್ನೊಂದು ವರ್ಷದ ಹಿಂದೆ, ಅವಳು ಐದು ರಾತ್ರಿ ನಿದ್ದೆಯಿಲ್ಲದೆ ಮಾತಾಡುತ್ತಲೇ ಇದ್ದಾಗ, ಮಣಿಕಟ್ಟು ಬಿಗಿಯಾಗಿ ಹಿಡಿದು ಆಟೋ ಹತ್ತಿಸಿದವಳು ನಾನು. ಆ ಹಿಡಿತದ ನೆನಪು ನನ್ನ ಕೈಯಿಂದ ಇನ್ನೂ ಹೋಗಿಲ್ಲ.

“ಇರಲಿ ಅಕ್ಕ, ಪೂರ್ತಿ ನೋಡೋಣ” ಎಂದಳು.

ಬೆಳಿಗ್ಗೆ ಅವಳೇ ನನ್ನನ್ನು ಹೊರಡಿಸಿದಳು. ಅವಳು ನನ್ನಲ್ಲಿಗೆ, ಲಂಡನ್ನಿಗೆ, ಬಂದು ಎರಡು ವಾರವಾಗಿತ್ತು. ವಿಕ್ಟೋರಿಯಾ ನಿಲ್ದಾಣದಿಂದ ನಡೆದು ಈಟನ್ ಚೌಕ ತಲುಪಿದೆವು. ಕಂಬಗಳ ಬಿಳಿ ಮನೆಗಳ ಸಾಲು. 54ನೆಯ ಮನೆಯ ಗೋಡೆಯ ಮೇಲೆ ದುಂಡನೆಯ ನೀಲಿ ಫಲಕ: ವಿವಿಯನ್ ಲೀ, ನಟಿ. ನಿನ್ನೆಯ ಚಿತ್ರದ ಬ್ಲಾಂಚ್ ಈಕೆಯೇ.

ಹುಟ್ಟಿದ್ದು 1913ರಲ್ಲಿ ಡಾರ್ಜಿಲಿಂಗಿನಲ್ಲಿ ಎಂದಾಗ ತಂಗಿಗೆ ಆಶ್ಚರ್ಯ. ಆರು ವರ್ಷದ ಮಗುವನ್ನು ಇಂಗ್ಲೆಂಡಿನ ಕಾನ್ವೆಂಟಿಗೆ ಸೇರಿಸಿದ್ದರು. ‘ಗಾನ್ ವಿತ್ ದ ವಿಂಡ್’ ಮತ್ತು ನಿನ್ನೆ ನೋಡಿದ ಚಿತ್ರ, ಎರಡಕ್ಕೂ ಆಸ್ಕರ್ ಬಂತು. ಆದರೂ ಜನ ಆಕೆಯ ಹಸಿರು ಕಣ್ಣುಗಳನ್ನು ಹೊಗಳಿದಷ್ಟು ಅಭಿನಯವನ್ನು ಹೊಗಳಲಿಲ್ಲವಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. ಬ್ಲಾಂಚ್‌ಳ ಮುಖದಲ್ಲಿ ಸೌಂದರ್ಯ ಮಾಸುತ್ತಿರುವುದನ್ನು ಆಕೆ ಧೈರ್ಯವಾಗಿ ತೋರಿಸಿದಳು. ಅದು ಬರೀ ಚೆಲುವೆಯಿಂದ ಆಗುವ ಕೆಲಸವಲ್ಲ.

1953ರಲ್ಲಿ ‘ಎಲಿಫೆಂಟ್ ವಾಕ್’ ಚಿತ್ರೀಕರಣಕ್ಕೆ ಸಿಲೋನಿಗೆ ಹೋದಾಗ ಆಕೆಯ ಮನಸ್ಸಿನ ಕಾಯಿಲೆ, ಬೈಪೋಲಾರ್, ಉಲ್ಬಣಿಸಿತು. ಆ ಪಾತ್ರ ಎಲಿಜಬೆತ್ ಟೇಲರ್ ಪಾಲಾಯಿತು. ಆದರೆ ದೂರದಿಂದ ತೆಗೆದ ಕೆಲವು ದೃಶ್ಯಗಳಲ್ಲಿ ಇವತ್ತಿಗೂ ಕಾಣುವುದು ವಿವಿಯನ್ ಲೀಯೇ. ವಿದ್ಯುತ್ ಚಿಕಿತ್ಸೆ ಮಾಡಿಸಿಕೊಂಡು ಮತ್ತೆ ರಂಗಕ್ಕೆ ಬರುತ್ತಿದ್ದಳು. ನಟ ಲಾರೆನ್ಸ್ ಒಲಿವಿಯರ್ ಜೊತೆಗಿನ ದಾಂಪತ್ಯ 1960ರಲ್ಲಿ ಮುರಿಯಿತು. ಮೂರು ವರ್ಷದ ನಂತರ, ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಹಾಡಿ ಕುಣಿದು ನಾಟಕರಂಗದ ಟೋನಿ ಪ್ರಶಸ್ತಿ ಗೆದ್ದಳು! ಆ ಬಾಗಿಲ ಮುಂದೆ ಇದನ್ನು ಹೇಳುವಾಗ ನನ್ನ ಗಂಟಲು ತುಂಬಿ ಬಂತು.

“ಲಿಥಿಯಂ ಕೊಟ್ಟಿರಲಿಲ್ಲವೇ?” ತಂಗಿ ಕೇಳಿದಳು. ತನ್ನ ಮಾತ್ರೆಯ ಹೆಸರನ್ನು ಅವಳು ನೆಂಟರ ಹೆಸರಿನಷ್ಟು ಸಲುಗೆಯಿಂದ ಹೇಳುತ್ತಾಳೆ. ಅದು ಎಲ್ಲೆಡೆ ಬಳಕೆಗೆ ಬರುವ ಹೊತ್ತಿಗೆ ತಡವಾಗಿತ್ತು ಎಂದೆ. 1967ರ ಜುಲೈನಲ್ಲಿ ಇದೇ ಮನೆಯಲ್ಲಿ ಕ್ಷಯದಿಂದ ಪ್ರಾಣ ಹೋಯಿತು, ವಯಸ್ಸು 53. ಲಂಡನ್ನಿನ ನಾಟಕದ ಬಡಾವಣೆ ವೆಸ್ಟ್ ಎಂಡಿನ ರಂಗಮಂದಿರಗಳು ಒಂದು ಗಂಟೆ ಹೊರಗಿನ ದೀಪಗಳನ್ನು ಆರಿಸಿದವು.

ಎದುರಿನ ಉದ್ಯಾನಕ್ಕೆ ಬೀಗ. ಅಲ್ಲಿನ ನಿವಾಸಿಗಳಿಗೆ ಮಾತ್ರ ಪ್ರವೇಶ. ಕಬ್ಬಿಣದ ಬೇಲಿಗೆ ಒರಗಿ ನಿಂತೆವು. ತಂಗಿ ಬಹಳ ಹೊತ್ತು ಸುಮ್ಮನಿದ್ದಳು.

“ಆ ದಾದಿ ಬ್ಲಾಂಚ್‌ಳನ್ನು ಅದುಮಿ ಹಿಡಿದಳು. ಆದರೆ ಡಾಕ್ಟರು ಟೋಪಿ ತೆಗೆದು ತೋಳು ಚಾಚಿದರಲ್ಲ, ಆಗ ಅವಳು ತಾನಾಗಿ ನಡೆದಳು” ಎಂದಳು.

ನಾನು ತಲೆ ತಗ್ಗಿಸಿದೆ. “ಅವತ್ತು ನಾನೂ ನಿನ್ನನ್ನು ಹಾಗೇ ಹಿಡಿದಿದ್ದೆ.”

“ಅದು ನನಗೆ ನೆನಪಿಲ್ಲ ಅಕ್ಕ. ಆಟೋ ಹೊರಡುವಾಗ ನೀನು ಒಳಗೆ ಓಡಿಹೋಗಿ ನನ್ನ ಚಪ್ಪಲಿ ತಂದು ಕಾಲಿಗೆ ಹಾಕಿದೆ. ಅದು ನೆನಪಿದೆ.”