98 ಪಂದ್ಯ, ಒಂದು ಮೊಣಕಾಲು

ಸಂಚಿಕೆಗೆ ನೆನಪು ಬರೆದುಕೊಡಿ ಅಂದಾಗ ನನಗೆ ಮೊದಲು ಹೊಳೆದದ್ದು ನನ್ನ ಎಡ ಮೊಣಕಾಲು. ಕಾಲೇಜಿನ ಕೊನೆಯ ವರ್ಷದ ಕಬಡ್ಡಿ. ರೈಡ್‌ಗೆ ಹೋದವನು ತಿರುಗುವಾಗ ಮೊಣಕಾಲು 'ಟಕ್' ಅಂತು. ನನ್ನ ಆಟ ಅಲ್ಲಿಗೆ ಮುಗಿಯಿತು. ತರಗತಿಯ ಬೆಂಚಿನ ಮೇಲೆ ಮಲಗಿಸಿ ಹೊತ್ತೊಯ್ದವರಿಗೆ ಇನ್ನೂ ನೆನಪಿರಬೇಕು.

ಮುಂದೆ ಓದಲು ಮೆಲ್ಬರ್ನ್‌ಗೆ ಹೋದೆ. ಬಾಡಿಗೆಗೆ ಕೋಣೆ ಕೊಟ್ಟ ಅಜ್ಜನಿಗೆ ಅಲ್ಲಿಯ ಎಸೆಂಡನ್ ಫುಟ್‌ಬಾಲ್ ಕ್ಲಬ್ ಅಂದರೆ ಹುಚ್ಚು. ನಾನು ಕುಂಟುತ್ತಾ ಮೆಟ್ಟಿಲು ಇಳಿಯುವುದನ್ನು ಒಂದು ದಿನ ನೋಡಿದರು. ಅಡುಗೆಮನೆಗೆ ಕರೆದು ಟೀ ಕೊಟ್ಟು, ಆ ಕ್ಲಬ್ಬಿನ ಹಳೇ ಆಟಗಾರ ಜಾನ್ ಕೋಲ್ಮನ್ ಕಥೆ ಶುರು ಮಾಡಿದರು.

ಅಲ್ಲಿಯ ಫುಟ್‌ಬಾಲೇ ಬೇರೆ. ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ 18 ಜನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ. ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ 'ಮಾರ್ಕ್'. ಆಮೇಲೆ ನಿಧಾನವಾಗಿ ಗುರಿಯಿಟ್ಟು ಒದೆಯಬಹುದು. ಹೀಗೆ ಹಿಡಿಯೋದರಲ್ಲಿ ಕೋಲ್ಮನ್ ಎತ್ತಿದ ಕೈ. ಎದುರಾಳಿಯ ಬೆನ್ನ ಹಿಂದಿನಿಂದ ಹಾರಿ, ಅವನ ತಲೆಯ ಮೇಲಿಂದಲೇ ಚೆಂಡು ಕಿತ್ತುಕೊಳ್ಳುತ್ತಿದ್ದನಂತೆ. ಅಜ್ಜ ಸುಮ್ನೆ ಹೇಳಲಿಲ್ಲ, ಎದ್ದು ನನ್ನ ಭುಜಕ್ಕೆ ಕೈಯೂರಿ ಮಾಡಿ ತೋರಿಸಿದರು. ಟೀ ಚೆಲ್ಲಿತು.

1949ರಲ್ಲಿ ಮೊದಲ ಪಂದ್ಯ, ಹಾಥಾರ್ನ್ ವಿರುದ್ಧ. ಅದರಲ್ಲೇ 12 ಗೋಲು! ಅದೇ ವರ್ಷ ಕಾರ್ಲ್ಟನ್ ಎದುರಿನ ಫೈನಲ್‌ನಲ್ಲಿ, ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಋತುವಿನ 100ನೇ ಗೋಲು. ಮರುವರ್ಷ 120. ಎರಡೂ ಸಲ ಎಸೆಂಡನ್ನೇ ಚಾಂಪಿಯನ್.

1951ರಲ್ಲಿ ನಾಕೌಟ್ ಪಂದ್ಯಗಳಿಗೆ ಸ್ವಲ್ಪ ಮುಂಚೆ, ಎದುರಾಳಿಗೆ ಹೊಡೆದದ್ದಕ್ಕೆ 4 ಪಂದ್ಯ ನಿಷೇಧ. ಅವನಿಲ್ಲದ ತಂಡ ಫೈನಲ್‌ನಲ್ಲಿ ಜೀಲಾಂಗ್‌ಗೆ 11 ಅಂಕದಿಂದ ಸೋತಿತು. "ಮೊದಲು ಕೈಮಾಡಿದ್ದು ಅವನಲ್ಲ!" ಅಷ್ಟು ವರ್ಷವಾದ ಮೇಲೂ ಅಜ್ಜ ಮೇಜು ಗುದ್ದಿದರು. ನಮ್ಮೂರಲ್ಲಿ ಹಳೇ ಔಟ್ ಬಗ್ಗೆ ಜಗಳ ಆಡೋರ ಹಾಗೇ, ಅಲ್ವಾ?

1954ರಲ್ಲಿ ಫಿಟ್ಜ್‌ರಾಯ್ ವಿರುದ್ಧ 14 ಗೋಲು ಹೊಡೆದ. ಮರುವಾರವೇ ನಾರ್ತ್ ಮೆಲ್ಬರ್ನ್ ಎದುರು ಬಿದ್ದ, ಮೊಣಕಾಲು ಕಳಚಿತು. ಆಗ ಅವನಿಗೆ 25. ಮತ್ತೆ ಆ ಅಂಗಿ ತೊಟ್ಟು ಪಂದ್ಯಕ್ಕೆ ಇಳಿಯಲಿಲ್ಲ. ಒಟ್ಟು 98 ಪಂದ್ಯ, 537 ಗೋಲು. ಮುಂದೆ ಕೋಚ್ ಆಗಿ 1962, 1965ರಲ್ಲಿ ಎಸೆಂಡನ್ ಅನ್ನು ಗೆಲ್ಲಿಸಿದ. 1973ರಲ್ಲಿ ತೀರಿಕೊಂಡಾಗ ಬರೀ 44 ವರ್ಷ. ಈಗ ಜಾಸ್ತಿ ಗೋಲು ಹೊಡೆದವನಿಗೆ ಕೊಡುವ ಪದಕಕ್ಕೆ ಅವನದೇ ಹೆಸರು.

"ನೀನೆಷ್ಟು ಪಂದ್ಯ ಆಡಿದ್ದೆ?" ಅಂತ ಕೇಳಿದರು ಅಜ್ಜ.

ಬೆರಳು ಮಡಚಿ ಎಣಿಸಿದೆ. "ಕಾಲೇಜಿಗೆ ಅಂತ ಆಡಿದ್ದು 7."

ಅಜ್ಜ ನಗಲಿಲ್ಲ. ಚೆಲ್ಲಿದ ಟೀ ಒರೆಸಿ, ನನ್ನ ಕಪ್ಪಿಗೆ ಮತ್ತೆ ಬಗ್ಗಿಸಿದರು.